ಮ್ಯಾಕ್ಸೆಂಟ್ ಜೊತೆ ಐದು ವರ್ಷ: ಒಂದು ಕಿಲೋಮೀಟರ್ ಚೌಕದಲ್ಲಿ ಕಳೆದುಹೋದ ಮಾಗಳಿ ಬೇರು

ತುಮಕೂರಿನ ಸುತ್ತಲಿನ ಬೆಟ್ಟಗಳಲ್ಲಿ ಮಾಗಳಿ ಬೇರಿನ ಬಳ್ಳಿ ಎಲ್ಲೆಲ್ಲಿ ಉಳಿದಿದೆ, ತಾಪ ಏರುತ್ತ ಹೋದರೆ ಮುಂದೆ ಎಲ್ಲಿ ಉಳಿಯಬಲ್ಲದು ಎಂದು ತಿಳಿಯುವ ಆಸೆಯಿಂದ ಐದು ವರ್ಷಗಳ ಹಿಂದೆ ಮ್ಯಾಕ್ಸೆಂಟ್ ತಂತ್ರಾಂಶವನ್ನು ಬಳಸತೊಡಗಿದೆ. ಗಿಡ ಕಂಡ ಜಾಗಗಳ ಹವಾಮಾನವನ್ನು ನೋಡಿ, ಅದು ಬೇರೆ ಎಲ್ಲೆಲ್ಲಿ ಒಗ್ಗೀತು ಎಂದು ಅಂದಾಜಿಸಿ ನಕ್ಷೆ ಬಿಡಿಸುವುದು ಇದರ ಕೆಲಸ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ಜಾವಾ ಎಂಬ ಪೂರಕ ತಂತ್ರಾಂಶವಿದ್ದರೆ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅತಿಥಿ ಉಪನ್ಯಾಸಕನ ಸಂಬಳದಲ್ಲಿ ಮನೆ ನಡೆಸುವ ನನಗೆ ಅದು ದೊಡ್ಡ ಉಪಕಾರ.

ಭಾನುವಾರ ದೇವರಾಯನದುರ್ಗ ಹತ್ತಿ ಇಳಿದ ಸಂಜೆ, ಬೆವರಿಗೆ ಮೆತ್ತಗಾದ ನೋಟ್‌ಬುಕ್ಕಿನಿಂದ ಅಂಕಿಗಳನ್ನು ಒಂದೊಂದಾಗಿ ಕಡತಕ್ಕೆ ಇಳಿಸುತ್ತೇನೆ: ಮೊದಲು ರೇಖಾಂಶ 77.21, ಆಮೇಲೆ ಅಕ್ಷಾಂಶ 13.37. ಇವೆರಡು ಅದಲುಬದಲಾದರೆ ನಮ್ಮ ಬೆಟ್ಟದ ಬಳ್ಳಿ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಆದ್ದರಿಂದ ಪ್ರತಿ ಸಾಲನ್ನೂ ಬೆರಳಿಟ್ಟು ಎರಡು ಸಲ ಓದುತ್ತೇನೆ. ಗುಂಡಿ ಒತ್ತಿ ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ ನಕ್ಷೆ ಸಿದ್ಧವಾಗಿರುತ್ತದೆ. ನಕ್ಷೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ಕೂರಿಸುವುದು ಅದರ ಕೆಳಗಿನ ರೇಖೆಗಳು. ಅತಿ ಬಿಸಿಯ ತಿಂಗಳ ತಾಪ ಎಷ್ಟಕ್ಕೆ ಮುಟ್ಟಿದಾಗ ಬಳ್ಳಿಯ ಅನುಕೂಲ ಕುಸಿಯುತ್ತದೆ, ಒಣ ತಿಂಗಳುಗಳ ಮಳೆ ಎಷ್ಟಿದ್ದರೆ ಏರುತ್ತದೆ ಎಂಬುದನ್ನು ಅವು ಒಂದೊಂದು ಚರಾಂಶಕ್ಕೂ ಬೇರೆಬೇರೆಯಾಗಿ ತೋರಿಸುತ್ತವೆ.

ಎರಡನೆಯ ವರ್ಷದಿಂದ ಮನಸ್ಸು ಕಹಿಯಾಯಿತು. ಮ್ಯಾಕ್ಸೆಂಟ್‌ಗೆ ತಾಪ, ಮಳೆಗಳ ಅಂಕಿಯನ್ನು ಚೌಕಚೌಕವಾಗಿ ಹಿಡಿದ ನಕ್ಷೆಗಳನ್ನು, ಅಂದರೆ ಪದರಗಳನ್ನು ಉಣಿಸಬೇಕು. ಎಲ್ಲರೂ ಬಳಸುವ ವರ್ಲ್ಡ್‌ಕ್ಲಿಮ್ ಹವಾಮಾನ ಪದರಗಳ ಅತಿ ಸಣ್ಣ ಚೌಕವೇ ಸುಮಾರು ಒಂದು ಕಿಲೋಮೀಟರ್. ಇಡೀ ದುರ್ಗ ಅಂಥ ಕೆಲವೇ ಚೌಕಗಳಲ್ಲಿ ಮುಗಿದುಹೋಗುತ್ತದೆ. ಸಾವಿರ ಮೀಟರ್ ಏರಿದರೆ ತಾಪ ಸರಾಸರಿ 6.5 ಡಿಗ್ರಿ ಇಳಿಯುತ್ತದೆಂಬ ಲೆಕ್ಕ ಹಿಡಿದರೆ, ಒಂದೇ ಚೌಕದೊಳಗೆ 300 ಮೀಟರ್ ಏರಿಳಿತವಿದ್ದಾಗ ಸುಮಾರು ಎರಡು ಡಿಗ್ರಿಯ ಅಂತರ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ದಕ್ಷಿಣದ ಬಂಡೆಯ ಮೇಲೆ ಅಂಗೈ ಊರಲಾಗುವುದಿಲ್ಲ. ಅದೇ ಬಂಡೆಯ ಉತ್ತರದ ಬಿರುಕಿಗೆ ಕೈ ತೂರಿಸಿದರೆ ಮಣ್ಣು ತಣ್ಣಗಿರುತ್ತದೆ, ಬಳ್ಳಿ ಬೇರೂರಿರುವುದು ಅಲ್ಲಿ. ಮ್ಯಾಕ್ಸೆಂಟ್‌ಗೆ ಇವೆರಡೂ ಒಂದೇ ಜಾಗ.

2041ರಿಂದ 2060ರ ಅವಧಿಯ ಅಂದಾಜು ಹವಾಮಾನವನ್ನು ಕೊಟ್ಟು ಓಡಿಸಿದಾಗ ಆ ಚೌಕಗಳು ಬಳ್ಳಿಗೆ ಒಗ್ಗುವ ಕೆಂಪಿನಿಂದ ಒಗ್ಗದ ನೀಲಿಗೆ ಇಳಿದವು. ಸುಮಾರು 1,200 ಮೀಟರಿನ ಈ ಬೆಟ್ಟದಲ್ಲಿ ಮೇಲಕ್ಕೆ ಸರಿಯುವ ಗಿಡಕ್ಕೆ ಮುಂದೆ ಜಾಗವಿಲ್ಲ ಎಂಬ ಭಯ ನಿಜವೇ. ಆದರೆ ಆ ಬಿರುಕನ್ನು ಕಾಣದ ನಕ್ಷೆಯನ್ನು ಮುಂದಿಟ್ಟುಕೊಂಡು ಬಳ್ಳಿ ಅಳಿದೇಹೋಗುತ್ತದೆಂದು ವಿದ್ಯಾರ್ಥಿಗಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಉಪ್ಪಿನಕಾಯಿಗೆಂದು ಬೇರು ಅಗೆದು ಖಾಲಿ ಮಾಡಿದ ಇಳಿಜಾರುಗಳು ಕೂಡ ಇದರ ಲೆಕ್ಕದಲ್ಲಿ ಹವಾಮಾನ ಒಗ್ಗದ ಇಳಿಜಾರುಗಳಾಗಿಬಿಡುತ್ತವೆ.

ದೋಷ ತಂತ್ರಾಂಶದ್ದಲ್ಲ, ನಾನು ಉಣಿಸುವ ಪದರಗಳದ್ದು ಎಂಬುದು ಅರಿವಾದ ಮೇಲೆ ಸಿಟ್ಟು ಇಳಿದಿದೆ. ಈಗ ಉಚಿತವಾಗಿ ಸಿಗುವ 30 ಮೀಟರ್ ಚೌಕಗಳ, ನೆಲದ ಎತ್ತರ ತಿಳಿಸುವ ದತ್ತಾಂಶದಿಂದ ಇಳಿಜಾರನ್ನೂ ಅದು ಮುಖಮಾಡಿದ ದಿಕ್ಕನ್ನೂ ತೆಗೆದು ಸೇರಿಸುತ್ತಿದ್ದೇನೆ. ಒಂದು ಚೌಕವಿದ್ದಲ್ಲಿ ಸುಮಾರು 900 ಚೌಕಗಳಾಗುವುದರಿಂದ ಕಾಫಿಯ ಹೊತ್ತು ಸಾಲದು, ಲ್ಯಾಪ್‌ಟಾಪ್ ರಾತ್ರಿಯಿಡೀ ಓಡುತ್ತದೆ. ಜಿಲ್ಲೆಯ ಮಟ್ಟದ ಚಿತ್ರ ಬೇಕಾದವರು ಕಣ್ಣುಮುಚ್ಚಿ ಬಳಸಬಹುದು; ಒಂದೇ ಬೆಟ್ಟವನ್ನು ನೋಡುವವರು ಮೊದಲು ಈ ಪದರಗಳನ್ನು ಹೊಂದಿಸಿಕೊಳ್ಳಿ. ಮೊನ್ನೆಯ ನಕ್ಷೆಯಲ್ಲಿ ಉತ್ತರದ ಬಿರುಕುಗಳ ಉದ್ದಕ್ಕೂ ತೆಳುವಾದ ಕೆಂಪು ಗೆರೆಯೊಂದು ಉಳಿದುಕೊಂಡಿತ್ತು.