ಹಳೇ ಟೂರಿಂಗ್ (ದೂರ ಪ್ರಯಾಣದ) ಸೈಕಲ್: ಸರಿ ಮಾಡಿಸುವುದಾ, ಹೊಸದು ಕೊಳ್ಳುವುದಾ?

ಮೊದಲು ಫ್ರೇಮ್ ನೋಡಿ. ಬಿರುಕು ಬಿಟ್ಟಿದ್ದರೆ, ಒಳಗಿಂದ ತುಕ್ಕು ತಿಂದಿದ್ದರೆ ಮಾತೇ ಇಲ್ಲ, ಹೊಸದೇ ಸರಿ. ಗಟ್ಟಿ ಸ್ಟೀಲ್ ಫ್ರೇಮ್ ಆಗಿದ್ದರೆ ನನ್ನ ಮನಸ್ಸು ಹಳೆಯದರ ಕಡೆಗೇ. ಚೈನ್, ಫ್ರೀವೀಲ್, ಟೈರ್, ಬ್ರೇಕ್ ರಬ್ಬರ್, ಕೇಬಲ್ ಎಲ್ಲ ಹೇಗೂ ಸವೆಯುವಂಥವು. ಬದಲಿಸಿದರೆ ಓಟವೇ ಬೇರೆ.

ತೊಡಕು ಇರುವುದು ಚಕ್ರದಲ್ಲಿ. 1980ರ ದಶಕದ ಹಲವು ಸೈಕಲ್‌ಗಳಲ್ಲಿ ಹಿಂದಿನ ಚಕ್ರ ಕೂರುವ ಜಾಗ 126 ಮಿ.ಮೀ. ಅಗಲ. ಆಮೇಲೆ ಬಂದ ಹಬ್‌ಗಳಿಗೆ (ಚಕ್ರದ ನಡುವಿನ ಭಾಗ) 130 ಅಥವಾ 135 ಬೇಕು. ಸ್ಟೀಲ್ ಆದರೆ ನುರಿತ ಮೆಕ್ಯಾನಿಕ್ ಹುಷಾರಾಗಿ ಅಗಲಿಸಬಹುದು. ಅಲ್ಯೂಮಿನಿಯಂ ಆದರೆ ಆ ಸಾಹಸ ಬೇಡವೇ ಬೇಡ. ಇನ್ನೊಂದು ಮಾತು: 27 ಇಂಚಿನ ಟೈರ್ 700ಸಿ ಎಂಬ ಇನ್ನೊಂದು ಅಳತೆಯ ರಿಮ್‌ಗೆ ಕೂರುವುದಿಲ್ಲ. ಟೈರ್ ಕೂರುವ ಜಾಗದ ವ್ಯಾಸ 27 ಇಂಚಿನದರಲ್ಲಿ 630 ಮಿ.ಮೀ., 700ಸಿಯಲ್ಲಿ 622. 27 ಇಂಚಿನದು ತೆಗೆದು 700ಸಿ ರಿಮ್ ಹಾಕಿಸುವುದಾದರೆ ಬ್ರೇಕ್ 4 ಮಿ.ಮೀ. ಕೆಳಗೆ ಎಟುಕುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಡಿಸ್ಕ್ ಬ್ರೇಕ್, ದಪ್ಪ ಟೈರ್ ಬೇಕೇ ಬೇಕು ಅಂದರೆ ಹೊಸದು ಕೊಳ್ಳಿ. ಸಾಮಾನು ಹೇರಿಕೊಂಡು ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವವರಿಗೆ ಡಿಸ್ಕ್ ದೊಡ್ಡ ಧೈರ್ಯ ಅಲ್ವಾ? ಹಳೇ ಫ್ರೇಮಿಗೆ ಅದನ್ನು ಕೂರಿಸಲು ಹೋದರೆ ಸುಮ್ನೆ ಖರ್ಚು ಜಾಸ್ತಿ. ಏರು ಹತ್ತುವುದಷ್ಟೇ ಕಷ್ಟವಾಗುತ್ತಿದ್ದರೆ ಮುಂದೆ ಚಿಕ್ಕ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲಿನ ಚಕ್ರ) ಹಾಕಿಸಿ, ಸಾಕು.