ಒಂದೇ ವಿಶ್ವವಿದ್ಯಾಲಯ, ನಾಲ್ಕು ಲೆಕ್ಕ

"ಕಳೆದ ಐದು ವರ್ಷದಲ್ಲಿ ನಮ್ಮವರು ಎಷ್ಟು ಸಂಶೋಧನಾ ಪ್ರಬಂಧ ಬರೆದಿದ್ದಾರೆ?" ಯಾರೇ ಕೇಳಲಿ, ಈ ಪ್ರಶ್ನೆ ಕೊನೆಗೆ ಬಂದು ಬೀಳುವುದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ. ಅಲ್ಲಿ ಕೂತಿರುವವನು ನಾನು. ಈ ಸಲ ಅದೇ ಅಧ್ಯಾಪಕರ ಪಟ್ಟಿ ಹಿಡಿದು, ಯಾರು ಏನು ಬರೆದರು, ಅದನ್ನು ಯಾರು ಉಲ್ಲೇಖಿಸಿದರು ಅಂತ ಪಟ್ಟಿ ಮಾಡುವ ನಾಲ್ಕು ಆನ್‌ಲೈನ್ ತಾಣಗಳಲ್ಲಿ ಹುಡುಕಿದೆ. ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆಯಾಗಲಿಲ್ಲ.

ವೆಬ್ ಆಫ್ ಸೈನ್ಸ್ ಇವುಗಳಲ್ಲಿ ಹಿರಿಯ. ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ (ಯಾವ ಪ್ರಬಂಧವನ್ನು ಯಾವುದು ಉಲ್ಲೇಖಿಸಿದೆ ಅನ್ನುವ ಸೂಚಿ) ಇದರ ಬೇರು. ಸಂಶೋಧನಾ ಪತ್ರಿಕೆಗಳನ್ನು ಅಳೆದು ತೂಗಿ ಸೇರಿಸುತ್ತಾರೆ, ಹಾಗಾಗಿ ಜೊಳ್ಳು ಕಡಿಮೆ. ಭೌತಶಾಸ್ತ್ರದವರ ಪಟ್ಟಿ ಅಚ್ಚುಕಟ್ಟಾಗಿ ಬಂತು. ಇತಿಹಾಸ ವಿಭಾಗದ್ದು ನೋಡಿದರೆ ಅಲ್ಲಿ ಎಲ್ಲರೂ ರಜೆಯ ಮೇಲಿದ್ದಾರೇನೋ ಅನ್ನಿಸುವಂತಿತ್ತು! ಅವರು ಜಾಸ್ತಿ ಬರೆಯುವುದು ಪುಸ್ತಕ, ಅದೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ.

2004ರಲ್ಲಿ ಬಂದ, ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ಸ್ಕೋಪಸ್ ಬಲೆ ಇನ್ನೂ ಅಗಲ. ಸಂಸ್ಥೆಗೊಂದು, ಲೇಖಕರಿಗೊಂದು ಗುರುತಿನ ಸಂಖ್ಯೆ ಇರುವುದರಿಂದ ವಿಭಾಗವಾರು ವರದಿಗೆ ನನಗೆ ಹಿಡಿಸಿದ್ದು ಇದೇ. ವೆಬ್ ಆಫ್ ಸೈನ್ಸ್, ಸ್ಕೋಪಸ್ ಎರಡಕ್ಕೂ ಚಂದಾ ಕಟ್ಟಬೇಕು ಅನ್ನುವುದನ್ನು ಮರೆಯಬೇಡಿ.

ಗೂಗಲ್ ಸ್ಕಾಲರ್ ಹುಟ್ಟಿದ್ದೂ ಅದೇ ವರ್ಷ. ಪುಕ್ಕಟೆ. ಪ್ರಬಂಧ, ಪುಸ್ತಕ, ಪಿಎಚ್‌ಡಿ ಥೀಸಿಸ್, ಇನ್ನೂ ಅಚ್ಚಾಗದ ಪ್ರತಿ, ಸಿಕ್ಕಿದ್ದೆಲ್ಲ ಬಾಚುತ್ತದೆ. ಎಲ್ಲರ ಎಚ್-ಇಂಡೆಕ್ಸ್ (ಉಲ್ಲೇಖಗಳನ್ನು ಎಣಿಸಿ ಸಂಶೋಧಕರಿಗೆ ಕೊಡುವ ಅಂಕಿ) ಇಲ್ಲೇ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಅಧ್ಯಾಪಕರಿಗೆಲ್ಲ ಇದೇ ಅಚ್ಚುಮೆಚ್ಚು. ಆದರೆ ಇಡೀ ಸಂಸ್ಥೆಯ ಮಾಹಿತಿಯನ್ನು ಒಟ್ಟಿಗೆ ಇಳಿಸಿಕೊಳ್ಳಲು ದಾರಿಯಿಲ್ಲ. ಒಬ್ಬರ ಕೆಲಸ ಹುಡುಕಲು ಸರಿ, ವರದಿಗೆ ಬೇಡ.

ಓಪನ್‌ಅಲೆಕ್ಸ್ 2022ರ ಕೂಸು. ಮೈಕ್ರೋಸಾಫ್ಟ್ ಇಂಥದ್ದೇ ತನ್ನ ಅಕಾಡೆಮಿಕ್ ಗ್ರಾಫ್ ನಿಲ್ಲಿಸಿದಾಗ ಆ ಜಾಗ ತುಂಬಲು ಬಂದದ್ದು. ಮಾಹಿತಿಯನ್ನು ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದು. ಚಂದಾ ಕಟ್ಟಲಾಗದ ಕಡೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಇಳಿಸಿಕೊಂಡ ಮೇಲೆ ಮಾತ್ರ ಕಣ್ಣು ತೆರೆದು ಸಾಲುಸಾಲಾಗಿ ನೋಡಬೇಕು.

ನಿಜವಾದ ತಲೆನೋವು ಹೆಸರುಗಳದ್ದು. ಒಬ್ಬರೇ ಒಮ್ಮೆ ಇನಿಷಿಯಲ್ ಮುಂದೆ ಹಾಕುತ್ತಾರೆ, ಒಮ್ಮೆ ಹಿಂದೆ. ವಿಶ್ವವಿದ್ಯಾಲಯದ ಹೆಸರನ್ನೂ ತೋಚಿದ ಹಾಗೆ ಬರೆಯುತ್ತಾರೆ. ಒಂದು ಕಡೆ (ಯಾವುದು ಅಂತ ಬೇಡ ಬಿಡಿ) ರಸಾಯನಶಾಸ್ತ್ರದ ಮೇಡಂ ಖಾತೆಯಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪ್ರಬಂಧಗಳು ಸಿಕ್ಕವು. ನನ್ನ ಸಮಯ ಜಾಸ್ತಿ ಹೋಗಿದ್ದು ಇಂಥವನ್ನು ಬಿಡಿಸುವುದರಲ್ಲೇ. 2012ರಿಂದ ಸಂಶೋಧಕರಿಗೆ ಆರ್ಕಿಡ್ (ORCID) ಅನ್ನುವ 16 ಅಂಕಿಗಳ ಉಚಿತ ಗುರುತು ಇದೆ. ಅದನ್ನು ಮಾಡಿಸಿಕೊಂಡವರ ಪಟ್ಟಿ ಬೇಗ ಮುಗಿಯಿತು.

ಎಚ್-ಇಂಡೆಕ್ಸ್ ಕಥೆಯೂ ಅಷ್ಟೇ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಕೊಟ್ಟ ಲೆಕ್ಕ ಸರಳ: 10 ಅಂದರೆ ಕನಿಷ್ಠ 10 ಸಲ ಉಲ್ಲೇಖವಾದ 10 ಪ್ರಬಂಧಗಳು. ಆದರೆ ಉಲ್ಲೇಖ ಎಣಿಸಿದವರು ಯಾರು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ ಅಲ್ವಾ? ಅದಕ್ಕೇ ಪ್ರತಿ ಅಂಕಿಯ ಪಕ್ಕ ಮೂಲ, ತಾರೀಖು ಎರಡೂ ಬರೆದೆ.

ವರದಿಗೆ ಸ್ಕೋಪಸ್ ಲೆಕ್ಕ ಇಟ್ಟು, ಓಪನ್‌ಅಲೆಕ್ಸ್ ಜೊತೆ ತಾಳೆ ನೋಡಿದೆ. ಇತಿಹಾಸದವರ ಪುಸ್ತಕಗಳು ನಾಲ್ಕರಲ್ಲೂ ಪೂರ್ತಿ ಸಿಗಲಿಲ್ಲ. ನಮ್ಮದೇ ಗ್ರಂಥಾಲಯದ ಕ್ಯಾಟಲಾಗ್ ತೆರೆದು, ಒಂದೊಂದನ್ನೇ ಕೈಯಾರೆ ಸೇರಿಸಿದೆ.