ಅಶ್ವಗಂಧದ ಪುಡಿಗೆ ಲ್ಯಾಬ್ ಟೆಸ್ಟ್: ‘ಪಾಸ್’ ಅಂದರೆ ಸಾಕಾ?

ಎರಡು ಪೊಟ್ಟಣ ಅಶ್ವಗಂಧದ ಪುಡಿ. ಎರಡರ ಮೇಲೂ ಬರೀ ಬೇರು ಅಂತಲೇ ಬರೆದಿತ್ತು, ಆದರೆ ಒಂದು ಯಾಕೋ ಹಸಿರು ಹಸಿರಾಗಿ ಕಾಣುತ್ತಿತ್ತು. ಸುಮ್ನೆ ಅನುಮಾನ ಪಡುವುದು ಯಾಕೆ ಅಂತ ಕಂಪನಿ ಹೆಸರು ಹೇಳದೆ ‘ಎ’, ‘ಬಿ’ ಅಂತ ಗುರುತು ಹಾಕಿ ಒಂದು ಖಾಸಗಿ ಲ್ಯಾಬಿಗೆ ಕಳಿಸಿದೆ.

ರಿಪೋರ್ಟ್ ಹೇಳಿದ ದಿನಕ್ಕೆ ಬರಲಿಲ್ಲ, ಅದು ಇರಲಿ. ಬಂದಾಗ ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಒಂದೇ ಒಂದು ಫೋಟೋ, ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟಿನದು. ಪುಡಿಯ ಸಾರವನ್ನು ಪ್ಲೇಟಿನ ತಳದಲ್ಲಿ ಹಚ್ಚಿ, ದ್ರಾವಕ ಮೇಲೇರಲು ಬಿಟ್ಟರೆ ಒಳಗಿರುವ ಅಂಶಗಳು ಪಟ್ಟಿ ಪಟ್ಟಿಯಾಗಿ ಬೇರೆಯಾಗುತ್ತವೆ. 366 ನ್ಯಾನೋಮೀಟರಿನ ಯುವಿ ಬೆಳಕಿನಲ್ಲಿ ‘ಎ’ ಸಾಲು ಪಕ್ಕದ ಅಸಲಿ ಬೇರಿನ ಸಾಲಿನ ಹಾಗೇ ಇತ್ತು. ‘ಬಿ’ ಸಾಲಿನ ಮೇಲುಗಡೆ ಮಾತ್ರ ಕೆಂಪು ಪಟ್ಟಿಗಳು ಹೊಳೆಯುತ್ತಿದ್ದವು. ಅದು ಕ್ಲೋರೋಫಿಲ್, ಎಲೆಗೆ ಹಸಿರು ಕೊಡುವ ವಸ್ತು, ಈ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. ಮಣ್ಣಿನೊಳಗಿನ ಬೇರಿಗೆ ಅದು ಎಲ್ಲಿಂದ ಬಂತು? ಎಲೆ ಸೇರಿಸಿ ಅರೆದಿದ್ದಾರೆ, ಮತ್ತೇನು.

ತಮಾಷೆ ಅಂದರೆ ಅಶ್ವಗಂಧದ ಮುಖ್ಯ ಅಂಶ ಅಂತ ಅಳೆಯುವ ವಿಥನೊಲೈಡ್ ‘ಬಿ’ಯಲ್ಲೇ ಜಾಸ್ತಿ ಬಂದಿತ್ತು! ಅದರಲ್ಲೇ ಒಂದಾದ ‘ವಿಥಾಫೆರಿನ್ ಎ’ ಎಲೆಯಲ್ಲಿ ಹೆಚ್ಚಿರುತ್ತದೆ, ಹಾಗಾಗಿ ಎಲೆ ಬೆರೆಸಿದರೆ ಒಟ್ಟು ಲೆಕ್ಕ ಏರುತ್ತದೆ, ಅಂಕಿ ಮಾತ್ರ ನೋಡುವವರು ಇದೇ ಒಳ್ಳೆಯದು ಅಂದುಕೊಳ್ಳುತ್ತಾರೆ. ರಿಪೋರ್ಟಿನ ಕೊನೆಯ ಪುಟದಲ್ಲಿ ಎರಡಕ್ಕೂ ‘ಪಾಸ್’ ಮುದ್ರೆ. ಫೋನ್ ಮಾಡಿ ಕೇಳಿದರೆ, "ಪಾಸ್ ಆಗಿದೆ ಅಲ್ವಾ ಸರ್, ಇನ್ನೇನು ಬೇಕು?" ಅಂದರು.

ಬೇಕಾದದ್ದು ಇತ್ತು. ವಿಷಕಾರಿ ಲೋಹವಾದ ಸೀಸದ ಎದುರು ಬರೀ ‘ಮಿತಿಯೊಳಗೆ’ ಅಂತ ಇತ್ತು. ಯಾವ ಮಿತಿ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕಿಲೋಗೆ 10 ಮಿಲಿಗ್ರಾಂ. ಎರಡು ಸಲ ಮೇಲ್ ಹಾಕಿದ ಮೇಲೆ ಅಂಕಿ ಕಳಿಸಿದರು, ಎರಡೂ ಕಡಿಮೆಯೇ ಇದ್ದವು. ಸಾರ ತೆಗೆದದ್ದು ನೀರಿನಲ್ಲೋ ಮೆಥನಾಲಿನಲ್ಲೋ ಅಂತಲೂ ಬರೆದಿರಲಿಲ್ಲ. ಅದೇನು ಸಣ್ಣ ವಿಷಯವಲ್ಲ, ಆರ್ಟಿಮಿಸಿಯಾ ಅನ್ನೋ ಗಿಡದಲ್ಲಿ ಮಲೇರಿಯಾಕ್ಕೆ ಔಷಧ ಹುಡುಕುವಾಗ ಚೀನಾದ ವಿಜ್ಞಾನಿ ತು ಯೂಯೂ ಅವರ ತಂಡಕ್ಕೆ 1971ರಲ್ಲಿ ದಾರಿ ಸಿಕ್ಕಿದ್ದೇ ಅದನ್ನು ಬಿಸಿ ಮಾಡುವುದು ಬಿಟ್ಟು ಕಡಿಮೆ ಉಷ್ಣತೆಯಲ್ಲಿ ಈಥರ್ ಅನ್ನೋ ದ್ರಾವಕ ಬಳಸಿದಾಗ.

ಇನ್ನು, ಇದನ್ನು ತಗೊಂಡರೆ ನಿದ್ದೆ ಚೆನ್ನಾಗಿ ಬರುತ್ತಾ ಅಂತ ಲ್ಯಾಬನ್ನು ಕೇಳಿ ಪ್ರಯೋಜನವಿಲ್ಲ. ಅದು ಗೊತ್ತಾಗಬೇಕಾದರೆ ಒಂದಷ್ಟು ಜನರಿಗೆ ಪುಡಿ, ಒಂದಷ್ಟು ಜನರಿಗೆ ಅದರ ಹಾಗೇ ಕಾಣುವ, ಅಶ್ವಗಂಧ ಇಲ್ಲದ ಪುಡಿ ಕೊಟ್ಟು ನೋಡಬೇಕು.

ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಆ ಫೋಟೋಗೆ. ಮತ್ತೆ ಕಳಿಸುತ್ತೇನೆ, ಆದರೆ ಪ್ಲೇಟಿನ ಫೋಟೋ, ಅಂಕಿ, ವಿಧಾನ ಮೂರೂ ಕೊಡುತ್ತೇವೆ ಅಂತ ಮೊದಲೇ ಬರೆಸಿಕೊಂಡು.